ಜಾಲದಲ್ಲಿ ನೆರೆ: ನೀರು ಬಿಟ್ಟವರು ಯಾರು?

ನಮ್ಮ ಶಾಲೆಯ ಕಚೇರಿಯಲ್ಲಿ ಇಂದು ಕಾಗದದ ಕೆಲಸಕ್ಕಿಂತ ಕಂಪ್ಯೂಟರಿನ ಕೆಲಸವೇ ಹೆಚ್ಚು. ಮಕ್ಕಳ ಹೆಸರು, ಜನ್ಮದಿನಾಂಕ, ವರ್ಗಾವಣೆ ಪತ್ರ, ವಿದ್ಯಾರ್ಥಿವೇತನದ ಅರ್ಜಿ, ಮಧ್ಯಾಹ್ನದ ಊಟದ ಲೆಕ್ಕ ಎಲ್ಲವೂ ಅಂತರ್ಜಾಲದ ಮೂಲಕವೇ ಇಲಾಖೆಯನ್ನು ತಲುಪಬೇಕು. ಆದುದರಿಂದ “ಇವತ್ತು ನೆಟ್ ಇಲ್ಲ, ನಾಳೆ ಬನ್ನಿ” ಎಂಬ ಮಾತು ಕಚೇರಿಯ ಕಿಟಿಕಿಯ ಬಳಿ ನಿಂತ ಹೆತ್ತವರಿಗೆ ಹೊಸತಲ್ಲ. ನೆಟ್ ಇಲ್ಲದಿರುವುದು ಒಂದು ಬಗೆ. ನೆಟ್ ಇದ್ದೂ ಇಲ್ಲದಂತಿರುವುದು ಇನ್ನೊಂದು ಬಗೆ. ದೀಪಗಳೆಲ್ಲ ಮಿನುಗುತ್ತಿರುತ್ತವೆ, ತಂತಿ ಸರಿಯಾಗಿರುತ್ತದೆ, ಆದರೆ ಪುಟ ಮಾತ್ರ ತೆರೆದುಕೊಳ್ಳುವುದಿಲ್ಲ. ಜಾಲದಲ್ಲಿ ಯಾರೋ ನೆರೆ ಎಬ್ಬಿಸಿದ್ದಾರೆ ಎಂದು ಆಗ ತಿಳಿಯಬೇಕು. ಅದು ಯಾರು ಎಂದು ಪತ್ತೆ ಹಚ್ಚುವ ವಿಧಾನವನ್ನು ನಾವು ಪುಸ್ತಕದಿಂದ ಕಲಿತದ್ದಕ್ಕಿಂತ ಹೆಚ್ಚಾಗಿ ಒಂದು ದಿನದ ಫಜೀತಿಯಿಂದ ಕಲಿತೆವು.

2019ನೇ ಇಸವಿಯ ಡಿಸೆಂಬರ್ ತಿಂಗಳ ಒಂದು ಶುಕ್ರವಾರ. ಹಿಂದಿನ ದಿನವಷ್ಟೇ ಶಾಲಾ ವಾರ್ಷಿಕೋತ್ಸವ ಮುಗಿದಿತ್ತು. ಹತ್ತನೆಯ ತರಗತಿಯ ಪರೀಕ್ಷಾರ್ಥಿಗಳ ಪಟ್ಟಿಯನ್ನು ತಿದ್ದಿ ಕಳುಹಿಸಲು ಅಂದು ಸಂಜೆ 5 ಗಂಟೆಯವರೆಗೆ ಮಾತ್ರ ಅವಕಾಶ. ಏಳು ಮಂದಿ ಮಕ್ಕಳ ವಿವರಗಳಲ್ಲಿ ತಪ್ಪುಗಳಿದ್ದವು. ಗಡಿನಾಡಿನವರಾದ ನಮಗೆ ಇಂತಹ ತಪ್ಪುಗಳ ಪರಿಚಯ ಚೆನ್ನಾಗಿಯೇ ಉಂಟು. ಕನ್ನಡದ ಹೆಸರೊಂದು ಇಂಗ್ಲಿಷಿಗೂ ಮಲೆಯಾಳಕ್ಕೂ ಹೋಗಿ ಬರುವಷ್ಟರಲ್ಲಿ ದೀರ್ಘ ಕಳೆದುಕೊಂಡೋ ಒತ್ತು ಸೇರಿಸಿಕೊಂಡೋ ಬೇರೆಯೇ ಹೆಸರಾಗಿಬಿಡುತ್ತದೆ. ಪ್ರಮಾಣಪತ್ರದಲ್ಲಿ ಹಾಗೆಯೇ ಅಚ್ಚಾದರೆ, ಮುಂದೆ ಅದನ್ನು ತಿದ್ದಿಸಲು ಆ ಮಗುವಿನ ತಂದೆ ಕೂಲಿ ಬಿಟ್ಟು ಎಷ್ಟು ಸಲ ಬಸ್ಸು ಹತ್ತಬೇಕಾದೀತೆಂದು ಹೇಳಬರುವುದಿಲ್ಲ.

ಬೆಳಗ್ಗೆ 10 ಗಂಟೆಗೆ ಕುಳಿತ ಗುಮಾಸ್ತರು 11 ಗಂಟೆಯಾದರೂ ಒಂದು ಹೆಸರನ್ನು ಸಹ ತಿದ್ದಿರಲಿಲ್ಲ. ಅಕ್ಷರ ತಿದ್ದಿ ಗುಂಡಿ ಒತ್ತಿದರೆ ಚಕ್ರ ಸುತ್ತುತ್ತದೆ, ಸುತ್ತುತ್ತಲೇ ಇರುತ್ತದೆ, ಕೊನೆಗೆ ಅವಧಿ ಮೀರಿತೆಂದು ಹೇಳಿ ಮೊದಲಿನ ಪುಟಕ್ಕೆ ತಂದು ಬಿಡುತ್ತದೆ. ಅದೇ ಹೊತ್ತಿಗೆ ಪಕ್ಕದ ಕಂಪ್ಯೂಟರ್ ಕೊಠಡಿಯಲ್ಲಿ ಒಂಬತ್ತನೆಯ ತರಗತಿಯವರಿಗೆ ಪಾಠ ನಡೆಯುತ್ತಿತ್ತು. ಶಿಕ್ಷಕರ ಕೊಠಡಿಯಲ್ಲಿ ಒಬ್ಬರು, “ಹುಡುಗರು ಸಿನಿಮಾ ಇಳಿಸುತ್ತಿರಬೇಕು” ಎಂದರು. ಇನ್ನೊಬ್ಬರು ಹುಡುಗನ ಹೆಸರನ್ನೇ ಹೇಳಿಬಿಟ್ಟರು. ಅವನು ನಮ್ಮ ಲಿಟಲ್ ಕೈಟ್ಸ್ ಘಟಕದವನು, ಕಂಪ್ಯೂಟರಿನ ವಿಷಯದಲ್ಲಿ ಚುರುಕು. ಯಾರಿಗೆ ಹೆಚ್ಚು ಗೊತ್ತುಂಟೋ ಅವರ ಮೇಲೆಯೇ ಗುಮಾನಿ ಹೋಗುವುದು ಲೋಕರೂಢಿ. ಅವನನ್ನು ಕರೆಸಿ, ನಾಲ್ಕು ಮಂದಿಯ ಎದುರು ಗದರಿಸಿದ್ದೂ ಆಯಿತು. ಗದರಿಸಿದವರಲ್ಲಿ ನಾವೂ ಇದ್ದೆವು.

ಹುಡುಗ ಅಳಲಿಲ್ಲ. “ಸಾರ್, ನಾವು ಏನೂ ಇಳಿಸಲಿಲ್ಲ. ಬೇಕಾದರೆ ಲ್ಯಾಬಿಗೆ ಬರುವ ವಯರನ್ನೇ ತೆಗೆದು ನೋಡಿ” ಎಂದ.

ಅವನ ಮಾತಿನ ಬೆಲೆ ಏನೆಂಬುದು ತಿಳಿಯಬೇಕಾದರೆ ಜಾಲದ ರಚನೆಯನ್ನು ಸ್ವಲ್ಪ ನೋಡಬೇಕು. ನಮ್ಮಲ್ಲಿ ಹೆಚ್ಚಿನವರ ಮನೆಯಲ್ಲಿ ಅಡಿಕೆ ತೋಟವುಂಟು. ಒಂದು ಪಂಪು, ಅದರಿಂದ ಹೊರಟ ಒಂದು ದೊಡ್ಡ ಪೈಪು, ಅದಕ್ಕೆ ಹತ್ತಾರು ಕವಲುಗಳು. ತೋಟದ ಆಚೆ ತುದಿಯಲ್ಲಿ ಯಾರೋ ನಾಲ್ಕು ಜೆಟ್ ತಿರುಗಿಸಿದರೆ ಅಡುಗೆಮನೆಯ ನಳ್ಳಿಯಲ್ಲಿ ನೀರು ಸಣ್ಣಗಾಗುತ್ತದೆ. ಕಚೇರಿಯ ಜಾಲವೂ ಬಹುಮಟ್ಟಿಗೆ ಹೀಗೆಯೇ. ಹೊರಗಿನಿಂದ ಬರುವ ಲೈನು ಒಂದೇ. ಅದು ರೌಟರ್ ಎಂಬ ಪೆಟ್ಟಿಗೆಗೆ ಬರುತ್ತದೆ. ಅಲ್ಲಿಂದ ಸ್ವಿಚ್ ಎಂಬ ಇನ್ನೊಂದು ಪೆಟ್ಟಿಗೆಗೆ. ಇದು ದೀಪ ಉರಿಸುವ ಸ್ವಿಚ್ ಅಲ್ಲ. ಸಾಲಾಗಿ ತೂತುಗಳಿರುವ, ಒಂದೊಂದು ತೂತಿಗೆ ಒಂದೊಂದು ಕಂಪ್ಯೂಟರಿನ ತಂತಿಯನ್ನು ಸಿಕ್ಕಿಸುವ ಪೆಟ್ಟಿಗೆ. ವೈಫೈ ಪೆಟ್ಟಿಗೆಯೂ ಇಂತಹ ಒಂದು ತೂತಿಗೇ ತಗಲಿಕೊಂಡಿರುತ್ತದೆ. ನಮ್ಮ ಶಾಲೆಯಲ್ಲಿ ಕಂಪ್ಯೂಟರ್ ಕೊಠಡಿಗೆ ಬೇರೆಯೇ ಸ್ವಿಚ್ ಇದ್ದು, ಅದರಿಂದ ಒಂದೇ ಒಂದು ತಂತಿ ಕಚೇರಿಯ ಸ್ವಿಚ್ಚಿಗೆ ಬರುತ್ತದೆ.

ನೀರಿನ ಹೋಲಿಕೆ ಇಲ್ಲಿಗೆ ಸಾಕು. ಜಾಲದಲ್ಲಿ ಹರಿಯುವುದು ನೀರಿನಂತೆ ಒಂದೇ ಧಾರೆಯಾಗಿ ಅಲ್ಲ, ಚಿಕ್ಕ ಚಿಕ್ಕ ಪೊಟ್ಟಣಗಳಾಗಿ. ಸಾಮಾನ್ಯವಾಗಿ ಒಂದು ಪೊಟ್ಟಣದಲ್ಲಿ ಹೆಚ್ಚೆಂದರೆ 1500 ಬೈಟು. ಪ್ರತಿಯೊಂದರ ಮೇಲೂ ಕಳುಹಿಸಿದವರ ವಿಳಾಸ, ತಲುಪಬೇಕಾದವರ ವಿಳಾಸ ಎರಡೂ ಬರೆದಿರುತ್ತವೆ, ಅಂಚೆಯ ಲಕೋಟೆಯ ಹಾಗೆ. ಪತ್ತೆಹಚ್ಚಲು ಸಾಧ್ಯವಾಗುವುದೇ ಈ ವಿಳಾಸದಿಂದ.

ಲೆಕ್ಕದಲ್ಲಿ ಒಂದು ಎಚ್ಚರ ಬೇಕು. ಲೈನಿನ ವೇಗವನ್ನು ಬಿಟ್ಟುಗಳಲ್ಲಿ ಹೇಳುತ್ತಾರೆ, ಕಡತದ ಗಾತ್ರವನ್ನು ಬೈಟುಗಳಲ್ಲಿ. 8 ಬಿಟ್ಟು ಸೇರಿದರೆ 1 ಬೈಟು. ಆಗ ನಮ್ಮ ಶಾಲೆಗಿದ್ದದ್ದು ಹಳೆಯ ತಾಮ್ರದ ದೂರವಾಣಿ ತಂತಿಯ ಸಂಪರ್ಕ. ಹೊರಗಿನಿಂದ ನಮ್ಮ ಕಡೆಗೆ ಇಳಿದು ಬರುವ ದಾರಿ ಸೆಕೆಂಡಿಗೆ 8 ಮೆಗಾಬಿಟ್, ಅಂದರೆ 1 ಮೆಗಾಬೈಟು. ನಮ್ಮಿಂದ ಹೊರಗೆ ಏರಿ ಹೋಗುವ ದಾರಿ ಕೇವಲ 1 ಮೆಗಾಬಿಟ್. ಬರುವ ದಾರಿ ಅಗಲ, ಹೋಗುವ ದಾರಿ ಇಕ್ಕಟ್ಟು. ಮನೆಗಳಿಗೂ ಸಣ್ಣ ಕಚೇರಿಗಳಿಗೂ ಕೊಡುತ್ತಿದ್ದ ತಾಮ್ರದ ಲೈನುಗಳು ಹೆಚ್ಚಾಗಿ ಹೀಗೆಯೇ ಇದ್ದವು. ಜನ ನೋಡುವುದು ಹೆಚ್ಚು, ಕಳುಹಿಸುವುದು ಕಡಿಮೆ ಎಂಬ ಲೆಕ್ಕಾಚಾರ.

ಇನ್ನು ಆ ದಿನದ ಪತ್ತೆಗೆ ಬರೋಣ. ಜಾಲ ನಿಧಾನವಾದಾಗ ಮೊದಲು ಕೇಳಬೇಕಾದ ಪ್ರಶ್ನೆ “ಯಾರು?” ಎಂದಲ್ಲ, “ಎಲ್ಲಿ?” ಎಂದು. ತಡೆ ನಮ್ಮ ಕಟ್ಟಡದೊಳಗೋ, ಹೊರಗಿನ ಲೈನಿನಲ್ಲೋ? ಇದಕ್ಕೆ ಪಿಂಗ್ ಎಂಬ ಸರಳ ಉಪಾಯವುಂಟು. 1983ರಲ್ಲಿ ಅಮೆರಿಕದ ಮೈಕ್ ಮುಸ್ ಎಂಬವರು ಬರೆದ ಪುಟ್ಟ ಪ್ರೋಗ್ರಾಂ ಅದು. ಜಲಾಂತರ್ಗಾಮಿ ನೌಕೆಗಳು ಶಬ್ದ ಹೊರಡಿಸಿ ಪ್ರತಿಧ್ವನಿಗೆ ಕಿವಿಗೊಡುವಂತೆ, ಇದು ಒಂದು ಸಣ್ಣ ಪೊಟ್ಟಣವನ್ನು ಕಳುಹಿಸಿ ಉತ್ತರ ಮರಳಲು ಎಷ್ಟು ಹೊತ್ತಾಯಿತೆಂದು ಅಳೆಯುತ್ತದೆ. ಗುಮಾಸ್ತರ ಕಂಪ್ಯೂಟರಿನಿಂದ ನಮ್ಮದೇ ರೌಟರಿಗೆ ಪಿಂಗ್ ಮಾಡಿದಾಗ ಉತ್ತರ 1 ಮಿಲಿಸೆಕೆಂಡಿನಲ್ಲಿ ಬಂತು. ಹೊರಗಿನ ಒಂದು ವಿಳಾಸಕ್ಕೆ ಕಳುಹಿಸಿದರೆ 2000 ಮಿಲಿಸೆಕೆಂಡು, ಅಂದರೆ ಪೂರಾ ಎರಡು ಸೆಕೆಂಡು. ಬೇರೆ ದಿನಗಳಲ್ಲಿ ಅದು 40ರ ಆಸುಪಾಸು ಇರುತ್ತಿತ್ತು. ಕಟ್ಟಡದೊಳಗಿನ ತಂತಿ ಸರಿಯಾಗಿದೆ, ಹೊರಗೆ ಹೋಗುವ ಬಾಗಿಲಲ್ಲಿ ಸರತಿಯ ಸಾಲು ಬೆಳೆದಿದೆ ಎಂಬುದು ಅಷ್ಟರಿಂದಲೇ ಖಚಿತವಾಯಿತು.

ಸಾಲಿನಲ್ಲಿ ನಿಂತವರು ಯಾರು? ಇಲ್ಲಿ ನಾವು ಒಂದು ತಪ್ಪು ಮಾಡಿದೆವು. ಜಾಲದಲ್ಲಿ ಹೋಗುವ ಪೊಟ್ಟಣಗಳನ್ನು ತೋರಿಸುವ ವೈರ್‌ಶಾರ್ಕ್ ಎಂಬ ಉಚಿತ ಪ್ರೋಗ್ರಾಂ ಇದೆಯಲ್ಲ, ಅದನ್ನು ಗುಮಾಸ್ತರ ಕಂಪ್ಯೂಟರಿನಲ್ಲಿ ನಡೆಸಿ ನೋಡಿದೆವು. ಕಂಡದ್ದು ಅದೇ ಕಂಪ್ಯೂಟರಿನ ಪೊಟ್ಟಣಗಳು ಮಾತ್ರ! ಗುಮಾಸ್ತರೇ ತಪ್ಪಿತಸ್ಥರೆಂದು ಹೇಳುವುದೊಂದು ಬಾಕಿ ಉಳಿದಿತ್ತು. ಆಮೇಲೆ ಹೊಳೆಯಿತು: ಸ್ವಿಚ್ ಎಂಬುದು ಬುದ್ಧಿವಂತ ಪೆಟ್ಟಿಗೆ. ಯಾವ ಪೊಟ್ಟಣ ಯಾರಿಗೆ ಸಲ್ಲಬೇಕೋ ಅವರ ತೂತಿಗಷ್ಟೇ ಅದನ್ನು ಬಿಡುತ್ತದೆ. ಒಂದು ತರಗತಿಯೊಳಗೆ ಕುಳಿತು ಶಾಲೆಗೆ ಬರುವವರನ್ನೆಲ್ಲ ಎಣಿಸಲಾಗದು, ಗೇಟಿನ ಬಳಿ ನಿಲ್ಲಬೇಕು. ದೊಡ್ಡ ಕಚೇರಿಗಳ ಸ್ವಿಚ್ಚುಗಳಲ್ಲಿ ಎಲ್ಲ ತೂತುಗಳ ಪೊಟ್ಟಣಗಳ ಪ್ರತಿಯನ್ನು ಒಂದು ತೂತಿಗೆ ಕಳುಹಿಸುವ ವ್ಯವಸ್ಥೆ ಇರುತ್ತದೆ. ನಮ್ಮದು ಅಗ್ಗದ ಪೆಟ್ಟಿಗೆ, ಅದರಲ್ಲಿ ಆ ಸೌಲಭ್ಯವಿರಲಿಲ್ಲ.

ಆಗ ಹುಡುಗನ ಮಾತು ನೆನಪಾಯಿತು. ಲ್ಯಾಬಿನಿಂದ ಬರುವ ಆ ಒಂದು ತಂತಿಯನ್ನು ಸ್ವಿಚ್ಚಿನಿಂದ ಕಿತ್ತೆವು. ಪಿಂಗ್ ಅದೇ 2000. ಒಂದು ನಿಮಿಷ ಕಾದೆವು. ಆಗಲೂ 2000. ಲ್ಯಾಬಿನ ಅಷ್ಟೂ ಕಂಪ್ಯೂಟರುಗಳೂ, ಅವುಗಳ ಮುಂದೆ ಕುಳಿತಿದ್ದ ಅಷ್ಟೂ ಮಕ್ಕಳೂ ಆ ಒಂದು ನಿಮಿಷದಲ್ಲಿ ದೋಷಮುಕ್ತರಾದರು.

ಉಳಿದದ್ದು ಎಂಟು ತಂತಿ. ಒಂದೊಂದನ್ನೇ ಕಿತ್ತು ನೋಡಬಹುದು. ಅದಕ್ಕಿಂತ ಬೇಗ ಆಗುವ ದಾರಿಯೆಂದರೆ ಅರ್ಧರ್ಧ ಮಾಡುವುದು. ನಾಲ್ಕನ್ನು ಒಟ್ಟಿಗೆ ಕಿತ್ತೆವು, ಪಿಂಗ್ 40ಕ್ಕೆ ಇಳಿಯಿತು. ಅಂದರೆ ದೋಷ ಆ ನಾಲ್ಕರಲ್ಲಿದೆ. ಅವುಗಳಲ್ಲಿ ಎರಡನ್ನು ಮರಳಿ ಸಿಕ್ಕಿಸಿದೆವು, ಪುನಃ 2000. ಆ ಎರಡರಲ್ಲಿ ಒಂದನ್ನು ಕಿತ್ತಾಗ ಪತ್ತೆ ಮುಗಿಯಿತು. ಎಂಟಕ್ಕೆ ಮೂರೇ ಪರೀಕ್ಷೆ. ಹದಿನಾರು ತಂತಿಗಳಿದ್ದರೆ ನಾಲ್ಕು, ಮೂವತ್ತೆರಡಿದ್ದರೆ ಐದು. ಗಣಿತದ ಮಾಸ್ತರರು ಇದನ್ನು ಕೇಳಿ, ಎರಡರ ಘಾತಗಳ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲವೆಂದು ಅದೇ ವಾರ ತರಗತಿಯಲ್ಲಿ ಹೇಳಿದರಂತೆ.

ಆ ತಂತಿ ಹೋಗುತ್ತಿದ್ದದ್ದು ಶಿಕ್ಷಕರ ಕೊಠಡಿಯ ವೈಫೈ ಪೆಟ್ಟಿಗೆಗೆ.

ಕೊಠಡಿಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ವೈಫೈ ಪೆಟ್ಟಿಗೆಗೆ ಸೇರಿಕೊಂಡಿದ್ದ ಉಪಕರಣಗಳು ಏಳು. ಆ ಪೆಟ್ಟಿಗೆಯ ಒಳಪುಟವನ್ನು ಕಂಪ್ಯೂಟರಿನಲ್ಲಿ ತೆರೆದರೆ, ಒಂದೊಂದು ಉಪಕರಣದಿಂದ ಇದುವರೆಗೆ ಎಷ್ಟು ಪೊಟ್ಟಣ ಬಂತು, ಎಷ್ಟು ಹೋಯಿತು ಎಂಬ ಲೆಕ್ಕ ಕಾಣುತ್ತಿತ್ತು. ಇಲ್ಲಿ ಇನ್ನೊಂದು ತಪ್ಪಿಗೆ ಅವಕಾಶವಿತ್ತು, ಪುಣ್ಯಕ್ಕೆ ಅದನ್ನು ಮಾಡಲಿಲ್ಲ. ಆ ಸಂಖ್ಯೆ ಒಟ್ಟು ಮೊತ್ತ. ಯಾರದೋ ಲ್ಯಾಪ್‌ಟಾಪ್ ಎರಡು ದಿನದಿಂದ ಅಲ್ಲೇ ಇದ್ದರೆ ಅದರ ಮೊತ್ತ ದೊಡ್ಡದಿರುತ್ತದೆ, ಆದರೆ ಈಗ ಅದು ಸುಮ್ಮನಿರಬಹುದು. ಕರೆಂಟಿನ ಮೀಟರ್ ಓದುವವರು ಏನು ಮಾಡುತ್ತಾರೆ? ಹಿಂದಿನ ಸಲದ ಅಂಕಿಯನ್ನು ಈ ಸಲದ ಅಂಕಿಯಿಂದ ಕಳೆಯುತ್ತಾರೆ. ನಾವೂ ಹಾಗೆಯೇ ಏಳು ಅಂಕಿಗಳನ್ನು ಕಾಗದದಲ್ಲಿ ಬರೆದು, ಸರಿಯಾಗಿ ಒಂದು ನಿಮಿಷದ ನಂತರ ಪುನಃ ಏಳನ್ನು ಬರೆದು ಕಳೆದೆವು. ಆರು ಉಪಕರಣಗಳದ್ದು ಸೊನ್ನೆಯಿಂದ ನೂರರೊಳಗೆ. ಒಂದರದ್ದು 5000ದ ಹತ್ತಿರ.

ಈ 5000 ಎಂಬುದು ನಮಗೆ ಬೇಕಾದ ಸಂಖ್ಯೆಯೇ ಹೌದೋ ಎಂದು ತಾಳೆ ನೋಡಬಹುದು. ಸೆಕೆಂಡಿಗೆ 1 ಮೆಗಾಬಿಟ್ ಎಂದರೆ 1,25,000 ಬೈಟು. ಅದನ್ನು 1500ರಿಂದ ಭಾಗಿಸಿದರೆ ಸುಮಾರು 83 ಪೊಟ್ಟಣ. ನಿಮಿಷಕ್ಕೆ 60 ಪಟ್ಟು, ಅಂದರೆ 4980. ಹೊರಹೋಗುವ ಇಡೀ ದಾರಿಯನ್ನು ಆ ಒಂದೇ ಉಪಕರಣ ತುಂಬಿಕೊಂಡಿತ್ತು.

ಅದರ ಮುಂದೆ ಹೆಸರಿರಲಿಲ್ಲ. ಹನ್ನೆರಡು ಅಕ್ಷರ ಅಂಕೆಗಳ ಒಂದು ಸಾಲಿತ್ತು. ಇದಕ್ಕೆ ಮ್ಯಾಕ್ ವಿಳಾಸವೆನ್ನುತ್ತಾರೆ. ಜಾಲಕ್ಕೆ ಸೇರುವ ಪ್ರತಿಯೊಂದು ಉಪಕರಣಕ್ಕೂ ಕಾರ್ಖಾನೆಯಲ್ಲಿಯೇ ಇಂತಹ ಒಂದು ಗುರುತು ಸಿಗುತ್ತದೆ. ಮೊದಲ ಆರು ಅಕ್ಷರಗಳಿಂದ ತಯಾರಿಸಿದ ಕಂಪೆನಿ ಯಾವುದೆಂದು ತಿಳಿಯುತ್ತದೆ. ಆ ಕಂಪೆನಿಯ ಫೋನು ಕೊಠಡಿಯಲ್ಲಿ ಮೂವರ ಕೈಯಲ್ಲಿತ್ತು. ಮೂವರೂ ತಮ್ಮ ತಮ್ಮ ಫೋನಿನ ಸೆಟ್ಟಿಂಗ್ ತೆರೆದು ವಿಳಾಸವನ್ನು ಓದಿದೆವು.

ಅದು ನಮ್ಮ ಕಿಸೆಯಲ್ಲಿದ್ದ ಫೋನು.

ಹಿಂದಿನ ದಿನದ ವಾರ್ಷಿಕೋತ್ಸವದಲ್ಲಿ ಮಕ್ಕಳು ಯಕ್ಷಗಾನ ಆಡಿದ್ದರು. ನಾವು ಉತ್ಸಾಹದಿಂದ 300 ಚಿತ್ರಗಳನ್ನೂ ಮೂರು ವಿಡಿಯೋಗಳನ್ನೂ ತೆಗೆದಿದ್ದೆವು. ವೈಫೈ ಸಿಕ್ಕಿದೊಡನೆ ಚಿತ್ರಗಳ ಪ್ರತಿಯನ್ನು ತಾನಾಗಿಯೇ ಕಂಪೆನಿಯ ಭಂಡಾರಕ್ಕೆ ಕಳುಹಿಸುವುದು ಫೋನಿನ ಅಭ್ಯಾಸ. ಬೆಳಗ್ಗೆ ಒಂಬತ್ತೂವರೆಗೆ ನಾವು ಕೊಠಡಿಗೆ ಕಾಲಿಟ್ಟಾಗಲೇ ಅದು ಕೆಲಸ ಶುರುಮಾಡಿತ್ತು. ಲೆಕ್ಕ ಹಾಕಿ ನೋಡಿ: ಒಂದು ಚಿತ್ರ ಸುಮಾರು 4 ಮೆಗಾಬೈಟು, ಅಂದರೆ 32 ಮೆಗಾಬಿಟ್, ನಮ್ಮ ಲೈನಿನಲ್ಲಿ 32 ಸೆಕೆಂಡು. 300 ಚಿತ್ರಕ್ಕೆ 9600 ಸೆಕೆಂಡು, 2 ಗಂಟೆ 40 ನಿಮಿಷ. ವಿಡಿಯೋ ಒಂದೊಂದು ಸುಮಾರು 1 ಗಿಗಾಬೈಟು, 8000 ಸೆಕೆಂಡು. ಮೂರಕ್ಕೆ 6 ಗಂಟೆ 40 ನಿಮಿಷ. ಒಟ್ಟು 9 ಗಂಟೆ 20 ನಿಮಿಷ. ಸುಮ್ಮನೆ ಬಿಟ್ಟಿದ್ದರೆ ಸಂಜೆ ಏಳರ ಹೊತ್ತಿಗೆ ದಾರಿ ಬಿಡುವಾಗುತ್ತಿತ್ತು. ಪಟ್ಟಿಯ ಅವಧಿ ಮುಗಿಯುವುದು ಐದಕ್ಕೆ.

ಇಲ್ಲಿ ಚುರುಕಿನ ಮಕ್ಕಳು ಒಂದು ಪ್ರಶ್ನೆ ಕೇಳಬೇಕು. ಫೋನು ತುಂಬಿಸಿದ್ದು ಹೊರಹೋಗುವ ದಾರಿಯನ್ನು. ಒಳಬರುವ 8 ಮೆಗಾಬಿಟ್ ದಾರಿ ಖಾಲಿಯೇ ಇತ್ತಲ್ಲ, ಪುಟಗಳು ಯಾಕೆ ಬರಲಿಲ್ಲ? ರಿಜಿಸ್ಟರ್ ಮಾಡಿದ ಅಂಚೆಗೆ ಮುಟ್ಟಿದ ರಶೀದಿ ಮರಳಿ ಬರುವುದನ್ನು ನೀವು ಕಂಡಿರಬಹುದು. ಅಂತರ್ಜಾಲದಲ್ಲಿಯೂ ಕಳುಹಿಸುವ ಕಂಪ್ಯೂಟರ್ ಕೆಲವು ಪೊಟ್ಟಣಗಳನ್ನು ಬಿಟ್ಟು, ಅವು ಮುಟ್ಟಿದವೆಂಬ ರಶೀದಿಗೆ ಕಾಯುತ್ತದೆ. ರಶೀದಿ ಬಂದರೆ ಮುಂದಿನದು. ಪುಟ ನಮಗೆ ಬರುವುದು ಅಗಲದ ದಾರಿಯಲ್ಲಾದರೂ ರಶೀದಿ ಹೋಗಬೇಕಾದದ್ದು ಇಕ್ಕಟ್ಟಿನ ದಾರಿಯಲ್ಲಿ, ಯಕ್ಷಗಾನದ ಚಿತ್ರಗಳ ಬೆನ್ನ ಹಿಂದೆ. ರೌಟರಿನೊಳಗೆ ಕಾಯುವ ಪೊಟ್ಟಣಗಳಿಗೆಂದು ಒಂದು ಜಾಗವಿರುತ್ತದೆ. ಅದು 250 ಕಿಲೋಬೈಟಿನಷ್ಟಿದ್ದರೆ, 1 ಮೆಗಾಬಿಟ್ ಲೈನಿನಲ್ಲಿ ಅದು ಬರಿದಾಗಲು ಎರಡು ಸೆಕೆಂಡು ಬೇಕು. ನಮ್ಮ ಪಿಂಗ್ ತೋರಿಸಿದ 2000 ಮಿಲಿಸೆಕೆಂಡು ಅದೇ ಆಗಿರಬೇಕು. ಗುಮಾಸ್ತರ ಒಂದೊಂದು ರಶೀದಿಯೂ, ಒಂದೊಂದು ತಿದ್ದುಪಡಿಯೂ ಎರಡೆರಡು ಸೆಕೆಂಡು ಸಾಲಿನಲ್ಲಿ ನಿಲ್ಲುತ್ತಿತ್ತು. ಒಂದು ಪುಟಕ್ಕೆ ಇಂತಹ ಹತ್ತಾರು ಹೋಗಿಬರವುಗಳಿರುತ್ತವೆ.

ಈ ಸಾಲಿನ ರೋಗವನ್ನು 2010ರಲ್ಲಿ ಅಮೆರಿಕದ ಜಿಮ್ ಗೆಟ್ಟಿಸ್ ಎಂಬ ತಂತ್ರಜ್ಞರು ಕಂಡುಕೊಂಡದ್ದು ತಮ್ಮ ಮನೆಯ ಲೈನಿನಲ್ಲೇ, ದೊಡ್ಡ ಕಡತಗಳನ್ನು ಕಳುಹಿಸುತ್ತಿದ್ದಾಗ. ಅವರು ಅದಕ್ಕೆ ಬಫರ್‌ಬ್ಲೋಟ್ ಎಂದು ಹೆಸರಿಟ್ಟರು, ಅಂದರೆ ಕಾಯುವ ಜಾಗದ ಹೊಟ್ಟೆಯುಬ್ಬರ. ಕಾಯುವ ಜಾಗ ದೊಡ್ಡದಿದ್ದಷ್ಟೂ ಒಳ್ಳೆಯದೆಂದು ತಯಾರಕರು ತಿಳಿದಿದ್ದರು. ಸಾಲು ಉದ್ದವಾದರೆ ಎಲ್ಲರಿಗೂ ತಡವಾಗುತ್ತದೆಂಬುದನ್ನು ಪಡಿತರ ಅಂಗಡಿಯ ಮುಂದೆ ನಿಂತವರು ಯಾರೂ ಹೇಳಿಯಾರು! 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ ಎಂಬಿಬ್ಬರು ಸಾಲನ್ನು ಚಿಕ್ಕದಾಗಿಯೇ ಇರಿಸುವ ಒಂದು ವಿಧಾನವನ್ನು ಪ್ರಕಟಿಸಿದರು. ಇತ್ತೀಚಿನ ಒಳ್ಳೆಯ ರೌಟರುಗಳಲ್ಲಿ ಇಂತಹ ವಿಧಾನಗಳುಂಟು.

ಈ ಜೇಕಬ್ಸನ್ ಅವರ ಹೆಸರು ಜಾಲದ ನೆರೆಯ ಚರಿತ್ರೆಯಲ್ಲಿ ಮೊದಲೇ ಬರುತ್ತದೆ. 1986ನೇ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯಕ್ಕೂ ಬರ್ಕ್‌ಲಿ ವಿಶ್ವವಿದ್ಯಾಲಯಕ್ಕೂ ನಡುವಣ ಸಂಪರ್ಕ ಹಠಾತ್ತನೆ ಕುಸಿಯಿತು. ಎರಡಕ್ಕೂ ಇದ್ದ ಅಂತರ ಕೇವಲ 400 ಗಜ. ಸೆಕೆಂಡಿಗೆ 32,000 ಬಿಟ್ಟು ಸಾಗಿಸುತ್ತಿದ್ದ ದಾರಿಯಲ್ಲಿ ಸಾಗಿದ್ದು 40 ಬಿಟ್ಟು, ಎಂಟುನೂರರಲ್ಲಿ ಒಂದು ಪಾಲು. ಚೀಟಿ ಬರೆದು ಹುಡುಗನ ಕೈಯಲ್ಲಿ ಕೊಟ್ಟು ಓಡಿಸಿದ್ದರೆ ಅದಕ್ಕಿಂತ ಬೇಗ ಮುಟ್ಟುತ್ತಿತ್ತು. ಅಲ್ಲಿ ಯಾವ ಒಬ್ಬನೂ ತಪ್ಪಿತಸ್ಥನಾಗಿರಲಿಲ್ಲ. ರಶೀದಿ ಬರಲಿಲ್ಲವೆಂದು ಪ್ರತಿಯೊಂದು ಕಂಪ್ಯೂಟರೂ ಕಳುಹಿಸಿದ್ದನ್ನೇ ಪುನಃ ಕಳುಹಿಸುತ್ತಿತ್ತು, ಅದರಿಂದ ದಾರಿ ಇನ್ನಷ್ಟು ತುಂಬುತ್ತಿತ್ತು. ಮೊದಲು ಮೆಲ್ಲಗೆ ಕಳುಹಿಸು, ರಶೀದಿ ಬಂದ ಹಾಗೆ ಹೆಚ್ಚಿಸು, ಪೊಟ್ಟಣ ಕಳೆದುಹೋದರೆ ಕೂಡಲೇ ತಗ್ಗಿಸು ಎಂಬ ಶಿಸ್ತನ್ನು ಜೇಕಬ್ಸನ್ ಮತ್ತು ಅವರ ಜೊತೆಗಾರ ಮೈಕೆಲ್ ಕರೆಲ್ಸ್ ಕಂಪ್ಯೂಟರುಗಳಿಗೆ ಕಲಿಸಿದರು. 1988ರಲ್ಲಿ ಪ್ರಕಟವಾದ ಆ ಕ್ರಮದ ಮೇಲೆಯೇ ಇಂದಿನ ಅಂತರ್ಜಾಲ ನಿಂತಿದೆ.

ಇನ್ನು, ನೆರೆಯನ್ನು ಗೆರೆಚಿತ್ರದಲ್ಲಿ ಕಾಣುವ ಉಪಾಯವೂ ಇಕ್ಕಟ್ಟಿನಿಂದಲೇ ಹುಟ್ಟಿದ್ದು. 1994ರಲ್ಲಿ ಟೋಬಿಯಾಸ್ ಓಟಿಕರ್ ಎಂಬ ಯುವಕ ಕೆಲಸ ಮಾಡುತ್ತಿದ್ದ ಸಂಸ್ಥೆಗೆ ಹೊರಗಿನ ಲೈನು ಒಂದೇ ಇತ್ತು, ಅದೂ 64 ಕಿಲೋಬಿಟ್‌ನದು. ಲೈನು ಹೇಗಿದೆಯೆಂದು ಎಲ್ಲರಿಗೂ ತಿಳಿಯುವ ಆಸೆ. ಆತ ಬರೆದ ಎಂಆರ್‌ಟಿಜಿ ಎಂಬ ಪ್ರೋಗ್ರಾಂ ಐದೈದು ನಿಮಿಷಕ್ಕೊಮ್ಮೆ ರೌಟರಿನ ಅಂಕಿಯನ್ನು ಓದಿ, ಹಿಂದಿನದನ್ನು ಕಳೆದು ಗೆರೆ ಎಳೆಯುತ್ತಿತ್ತು. ನಾವು ಕಾಗದದಲ್ಲಿ ಮಾಡಿದ ಅದೇ ವ್ಯವಕಲನ. ದಿನದ ಯಾವ ಹೊತ್ತಿಗೆ ಗುಡ್ಡ, ಯಾವ ಹೊತ್ತಿಗೆ ಬಯಲು ಎಂಬುದು ಗೋಡೆಯ ಮೇಲಿನ ಮಳೆಯ ಲೆಕ್ಕದಂತೆ ಕಾಣತೊಡಗಿದಾಗ, ಜಗಳಗಳಿಗೆ ಎಡೆ ಕಡಿಮೆಯಾಗುತ್ತದೆ.

ಎಲ್ಲ ನೆರೆಗೂ ಫೋನಿನ ಚಿತ್ರಗಳೇ ಕಾರಣವಲ್ಲ. ಸ್ವಿಚ್ಚಿನಿಂದ ಹೊರಟ ತಂತಿಯೊಂದರ ತುದಿ ನೆಲದಲ್ಲಿ ಬಿದ್ದಿತ್ತೆನ್ನಿ. ಗುಡಿಸುವವರೋ, ಅಚ್ಚುಕಟ್ಟಿನ ವಿದ್ಯಾರ್ಥಿಯೋ, ಪಾಪ, ಒಳ್ಳೆಯ ಮನಸ್ಸಿನಿಂದ ಅದನ್ನು ಅದೇ ಸ್ವಿಚ್ಚಿನ ಇನ್ನೊಂದು ಖಾಲಿ ತೂತಿಗೆ ಸಿಕ್ಕಿಸುತ್ತಾರೆ. ಆಗ ಒಂದು ವರ್ತುಲವಾಯಿತು. ಎಲ್ಲರಿಗೂ ಸಲ್ಲಬೇಕಾದ ಪೊಟ್ಟಣವೊಂದು ಈ ವರ್ತುಲಕ್ಕೆ ಬಿದ್ದರೆ ಸುತ್ತುತ್ತ ಸುತ್ತುತ್ತ ಪ್ರತಿಗಳನ್ನು ಹುಟ್ಟಿಸಿ, ಕ್ಷಣಾರ್ಧದಲ್ಲಿ ಜಾಲವನ್ನೆಲ್ಲ ಆವರಿಸುತ್ತದೆ. ಗುರುತು ಸುಲಭ: ಸ್ವಿಚ್ಚಿನ ದೀಪಗಳೆಲ್ಲ ಒಂದೇ ತಾಳದಲ್ಲಿ ಬಿಡುವಿಲ್ಲದೆ ಮಿನುಗುತ್ತವೆ, ಒಳಗಿನ ಪಿಂಗ್ ಸಹ ಕೆಡುತ್ತದೆ. ಇಂತಹ ವರ್ತುಲವನ್ನು ಪೆಟ್ಟಿಗೆಗಳು ತಾವೇ ಕಂಡುಹಿಡಿದು ಮುಚ್ಚುವ ವಿಧಾನವನ್ನು 1985ರಲ್ಲಿ ರಚಿಸಿದವರು ರೇಡಿಯಾ ಪರ್ಲ್‌ಮನ್ ಎಂಬ ಮಹಿಳೆ. ಅಗ್ಗದ ಪೆಟ್ಟಿಗೆಗಳಲ್ಲಿ ಅದು ಹೆಚ್ಚಾಗಿ ಇರುವುದಿಲ್ಲ.

ಆ ವಿಧಾನವಿದ್ದರೂ ಅದಕ್ಕೆ ಮಿತಿಯುಂಟು. 2002ನೇ ನವೆಂಬರ್ 13ರಂದು ಅಮೆರಿಕದ ಬೋಸ್ಟನ್ ನಗರದ ಬೆತ್ ಇಸ್ರೇಲ್ ಡೀಕನೆಸ್ ಆಸ್ಪತ್ರೆಯ ಜಾಲ ಕೆಟ್ಟು ನಿಂತಿತು. ಸಂಶೋಧಕರೊಬ್ಬರ ಪ್ರೋಗ್ರಾಂ ಜಾಲಕ್ಕೆ ಅಪಾರ ಮಾಹಿತಿಯನ್ನು ಸುರಿದಿತ್ತು. ನೆರೆಗೆ ಅದು ನೆಪವಾಯಿತೇ ಹೊರತು ನಿಜವಾದ ಕಾರಣ ಬೇರೆ. ವರ್ಷ ವರ್ಷ ತುಂಡು ತುಂಡಾಗಿ ಬೆಳೆಸಿದ ಆ ಜಾಲ, ವರ್ತುಲ ತಡೆಯುವ ವಿಧಾನದ ಮಿತಿಯನ್ನು ಮೀರಿ ಹರಡಿಕೊಂಡಿತ್ತು. ವೈದ್ಯರೂ ದಾದಿಯರೂ ಸುಮಾರು ನಾಲ್ಕು ದಿನ ಕಾಗದ, ಪೆನ್ನು ಹಿಡಿದು ಕೆಲಸ ಮಾಡಿದರು. ಆಸ್ಪತ್ರೆಯ ಮಾಹಿತಿ ವಿಭಾಗದ ಮುಖ್ಯಸ್ಥರಾಗಿದ್ದ ಜಾನ್ ಹಲಾಮ್ಕ ಈ ಸಂಗತಿಯನ್ನು ಮುಚ್ಚಿಡದೆ, ಬೇರೆಯವರಿಗೂ ಪಾಠವಾಗಲೆಂದು ಬಹಿರಂಗವಾಗಿಯೇ ವಿವರಿಸಿದರು. ನಮಗೆ ಇದು ಬಹಳ ದೊಡ್ಡ ಗುಣವೆಂದು ತೋರುತ್ತದೆ.

ಯಜಮಾನನಿಗೆ ತಿಳಿಯದೆ ಕಂಪ್ಯೂಟರೇ ನೆರೆ ಎಬ್ಬಿಸುವುದೂ ಉಂಟು. 2003ನೇ ಜನವರಿ 25ರಂದು ಹರಡಿದ ಸ್ಲ್ಯಾಮರ್ ಎಂಬ ಹುಳು ಕೇವಲ 376 ಬೈಟಿನದು, ಈ ಪುಟದ ಒಂದು ಸಣ್ಣ ಪರಿಚ್ಛೇದಕ್ಕಿಂತ ಕಿರಿದು. ಮೊದಲ ಹೊತ್ತಿನಲ್ಲಿ ಎಂಟೂವರೆ ಸೆಕೆಂಡಿಗೊಮ್ಮೆ ಇಮ್ಮಡಿಯಾಗುತ್ತ, ಕಡಿಮೆಯೆಂದರೂ 75,000 ಕಂಪ್ಯೂಟರುಗಳನ್ನು ಹೊಕ್ಕಿತು. ಅವುಗಳ ಒಡೆಯರು ಮಲಗಿದ್ದರೋ ಊಟ ಮಾಡುತ್ತಿದ್ದರೋ, ಅವರಿಗೇನು ಗೊತ್ತು?

ಅಂತೂ ಪಟ್ಟಿಯಲ್ಲಿ ಕಾಣುವುದು ಯಂತ್ರದ ವಿಳಾಸ, ಮನುಷ್ಯನ ಹೆಸರಲ್ಲ. ಲ್ಯಾಬಿನಲ್ಲಿ ಒಂದು ಕಂಪ್ಯೂಟರಿನ ಮುಂದೆ ಮೂವರು ಮಕ್ಕಳು ಕುಳಿತಿರುತ್ತಾರೆ. ರೌಟರ್ ಇವತ್ತು ಒಂದು ಯಂತ್ರಕ್ಕೆ ಕೊಟ್ಟ ಸಂಖ್ಯೆಯನ್ನು ನಾಳೆ ಇನ್ನೊಂದಕ್ಕೆ ಕೊಡಬಹುದು. ಆದುದರಿಂದ ವಿಳಾಸದ ಜೊತೆಗೆ ಗಂಟೆ, ನಿಮಿಷವನ್ನೂ ಬರೆದುಕೊಳ್ಳಬೇಕು. ಫೋನುಗಳ ವಿಷಯ ಈಗ ಇನ್ನೂ ತೊಡಕಿನದು. 2019ರ ಆಂಡ್ರಾಯ್ಡ್ 10 ಮತ್ತು 2020ರ ಐಓಎಸ್ 14ರಿಂದ ಈಚೆಗೆ ಫೋನುಗಳು ತಮ್ಮ ನಿಜವಾದ ಮ್ಯಾಕ್ ವಿಳಾಸವನ್ನು ತೋರಿಸದೆ, ಒಂದೊಂದು ವೈಫೈಗೆ ಒಂದೊಂದು ಕೃತಕ ವಿಳಾಸವನ್ನು ಕೊಡುತ್ತವೆ. ಅಂಗಡಿ, ನಿಲ್ದಾಣಗಳಲ್ಲಿ ಜನರ ಓಡಾಟವನ್ನು ಹಿಂಬಾಲಿಸುವವರಿಂದ ರಕ್ಷಣೆಗಾಗಿ ಈ ಏರ್ಪಾಡು. ಇಂತಹ ವಿಳಾಸದ ಎರಡನೆಯ ಅಕ್ಷರ 2, 6, ಎ, ಇ ಇವುಗಳಲ್ಲೊಂದಾಗಿರುತ್ತದೆ. ಅದರಿಂದ ಕಂಪೆನಿಯ ಗುರುತು ಸಿಗದು. ಆಗಲೂ ಆ ಫೋನಿನ ಸೆಟ್ಟಿಂಗಿನಲ್ಲಿ ಆ ವಿಳಾಸ ಕಾಣಿಸುತ್ತದೆ, ಆದರೆ ಒಡೆಯರು ತೆರೆದು ತೋರಿಸಬೇಕು. ನಂಬಿಕೆ ಇರುವಲ್ಲಿ ತೋರಿಸುತ್ತಾರೆ.

ಪತ್ತೆಯೆಲ್ಲ ಮುಗಿದ ಮೇಲೆ ಸಹೋದ್ಯೋಗಿಯೊಬ್ಬರು, “ಹಾಗಾದರೆ ಯಾರು ಏನನ್ನು ನೋಡುತ್ತಾರೆಂಬುದನ್ನೂ ಹೀಗೆಯೇ ತಿಳಿಯಬಹುದಲ್ಲ?” ಎಂದು ಕೇಳಿದರು. ಸ್ವಲ್ಪ ಮಟ್ಟಿಗೆ ತಿಳಿಯಬಹುದು. ಇಂದು ಹೆಚ್ಚಿನ ಪುಟಗಳು ಗುಪ್ತಲಿಪಿಯಲ್ಲಿ ಸಾಗುವುದರಿಂದ ಲಕೋಟೆಯೊಳಗಿನ ಪತ್ರ ಓದಲು ಸಿಗದು, ಮೇಲಿನ ವಿಳಾಸ ಸಿಗುತ್ತದೆ. ಆದರೆ ಅದು ಬೇಡವೆಂದು ನಾವು ಹೇಳಿದೆವು. ದಾರಿ ತುಂಬಿಸಿದವರನ್ನು ಕಂಡುಹಿಡಿಯಲು ಎಷ್ಟು ಪೊಟ್ಟಣ ಎಂಬ ಎಣಿಕೆ ಸಾಕು. ಅಂಚೆಯಣ್ಣ ಚೀಲದ ಭಾರ ನೋಡಿದರೆ ಯಾರೂ ಆಕ್ಷೇಪಿಸುವುದಿಲ್ಲ, ಯಾರು ಯಾರಿಗೆ ಬರೆದರೆಂದು ಊರಲ್ಲಿ ಹೇಳುತ್ತ ಹೋದರೆ ಅದು ಬೇರೆ ಮಾತು. ಎಣಿಕೆ ನಡೆಯುತ್ತದೆಂಬುದನ್ನು ಸಹ ಮುಂಚಿತವಾಗಿ ಎಲ್ಲರಿಗೂ ತಿಳಿಸಬೇಕು. ಆ ಕುರಿತ ಸೂಚನೆ ಈಗ ಶಿಕ್ಷಕರ ಕೊಠಡಿಯ ಫಲಕದಲ್ಲಿಯೂ ಲ್ಯಾಬಿನ ಬಾಗಿಲಲ್ಲಿಯೂ ಇದೆ.

ಆ ಶುಕ್ರವಾರ ನಮ್ಮ ಫೋನಿನ ವೈಫೈ ಆರಿಸಿದ ಮೇಲೆ ಪಿಂಗ್ 40ಕ್ಕೆ ಇಳಿಯಿತು. ಮಧ್ಯಾಹ್ನ ಒಂದೂಕಾಲು ಗಂಟೆಯೊಳಗೆ ಏಳು ಮಕ್ಕಳ ವಿವರಗಳನ್ನೂ ಗುಮಾಸ್ತರು ತಿದ್ದಿ ಕಳುಹಿಸಿ, ಊಟಕ್ಕೆ ಎದ್ದರು. ಹುಡುಗನನ್ನು ಪುನಃ ಕರೆಸಿದೆವು. ಗದರಿಸಿದಾಗ ಯಾರು ಯಾರು ಎದುರಿಗಿದ್ದರೋ ಅಷ್ಟೂ ಮಂದಿಯ ಎದುರಿನಲ್ಲಿಯೇ, ತಪ್ಪು ನಮ್ಮದೆಂದು ಹೇಳಿದೆವು. ಅವನು ಸ್ವಲ್ಪ ನಾಚಿಕೊಂಡು, “ಸಾರ್, ಆ ಸೆಟ್ಟಿಂಗ್ ಆಫ್ ಮಾಡಿ ಕೊಡಲಾ?” ಎಂದು ಕೈ ಚಾಚಿದ.

ಈಗ ಶಾಲೆಗೆ ಗಾಜಿನೆಳೆಯ ಲೈನು ಬಂದಿದೆ. ಹೋಗುವ ದಾರಿಯೂ ಬರುವ ದಾರಿಯಷ್ಟೇ ಅಗಲ. ಆದರೂ ಸ್ವಿಚ್ಚಿನ ಪ್ರತಿಯೊಂದು ತಂತಿಗೂ ಚೀಟಿ ಅಂಟಿಸಿ, ಯಾವುದು ಎಲ್ಲಿಗೆ ಹೋಗುತ್ತದೆಂದು ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದೇವೆ. ಆ ಪುಸ್ತಕದ ಮೊದಲ ಪುಟದ ಅಕ್ಷರ ಆ ಹುಡುಗನದು.